ಬೇಡ ಅನ್ನೋಕಾದರೂ ಕೇಳಬೇಕಿತ್ತು

ಕಳೆದ ವರ್ಷ ಒಂದು ವಿಚಾರ ಸಂಕಿರಣದಲ್ಲಿ ಕಾಯಿಲೆಯ ಕಥನಗಳ ಮೇಲೆ ಪ್ರಬಂಧ ಮಂಡಿಸಿದ್ದೆ. ಸ್ತನ ಕ್ಯಾನ್ಸರ್ ಬಂದ ಹೆಂಗಸರು ಬರೆದುಕೊಂಡ ಆತ್ಮಕಥನಗಳು ನನ್ನ ಸಂಶೋಧನೆಯ ವಿಷಯ. ಮಾತಿನ ನಡುವೆ ಸ್ತನ ಪುನರ್‌ರಚನೆಯ, ಅಂದರೆ ಆಪರೇಷನ್ನಿನಲ್ಲಿ ತೆಗೆದ ಮೊಲೆಯನ್ನು ಮತ್ತೆ ಕಟ್ಟಿಕೊಡುವ ಚಿಕಿತ್ಸೆಯ ಪ್ರಸ್ತಾಪ ಬಂತು. ಪ್ರಶ್ನೋತ್ತರದಲ್ಲಿ ಹಿರಿಯ ವಿಮರ್ಶಕರೊಬ್ಬರು ಮೈಕು ತೆಗೆದುಕೊಂಡರು. ಅದೆಲ್ಲ ಗಂಡಸಿನ ಕಣ್ಣಿಗಾಗಿ ಮಾಡಿಸಿಕೊಳ್ಳುವ ಅಲಂಕಾರ, ಮಾರುಕಟ್ಟೆಗೆ ಶರಣಾಗತಿ, ಆಡ್ರಿ ಲಾರ್ಡ್ ಇದನ್ನು ನಲವತ್ತು ವರ್ಷದ ಹಿಂದೆಯೇ ಹೇಳಿ ಮುಗಿಸಿದ್ದಾಳೆ ಎಂದರು. ಸಭೆ ತಲೆಯಾಡಿಸಿತು. ನಾನೂ ಆಡಿಸಿದೆ. ಊಟದ ಹೊತ್ತಾಗಿತ್ತು.

ರಾತ್ರಿ ಬಸ್ಸಿನಲ್ಲಿ ವಾಪಸು ಬರುವಾಗ ದೊಡ್ಡಮ್ಮನ ನೆನಪಾಯಿತು. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿರುವ ನನ್ನ ದೊಡ್ಡಮ್ಮನಿಗೆ ಆರು ವರ್ಷದ ಹಿಂದೆ ಎಡಗಡೆಯ ಮೊಲೆ ತೆಗೆದರು. ಆಮೇಲೆ ಆಕೆ ಹಳೇ ಪಂಚೆಯ ಬಟ್ಟೆಯಲ್ಲಿ ಒಂದು ಚೀಲ ಹೊಲಿದುಕೊಂಡಳು. ಬರೀ ಹತ್ತಿ ತುಂಬಿದರೆ ಹಗುರಾಗಿ ಮೇಲಕ್ಕೆ ಏರುತ್ತದೆಂದು ಜೊತೆಗೆ ಒಂದಿಷ್ಟು ಸಾಸಿವೆ ತುಂಬಿದಳು. ತೋಟದಲ್ಲಿ ಬಗ್ಗಿ ಕಾಯಿ ಆರಿಸುವಾಗ ಅದು ಜಾರುತ್ತದೆ. ಬೇಸಿಗೆಯಲ್ಲಿ ಬೆವರಿ ಗಾಯದ ಗೆರೆಯ ಮೇಲೆ ಕಡಿತ ಏಳುತ್ತದೆ. ಹಾಕಿಕೊಳ್ಳದಿದ್ದರೆ ಬಲಭುಜ ಜಗ್ಗಿ ಕತ್ತು ನೋಯುತ್ತದೆ. ದೊಡ್ಡಪ್ಪ ತೀರಿಕೊಂಡು ಹನ್ನೆರಡು ವರ್ಷವಾಯಿತು. ದೊಡ್ಡಮ್ಮ ಆ ಚೀಲವನ್ನು ಯಾವ ಗಂಡಸಿನ ಕಣ್ಣಿಗಾಗಿ ಹೊಲಿದುಕೊಂಡಳು ಎಂದು ಆ ಸಭೆಯಲ್ಲಿ ನಾನು ಕೇಳಬೇಕಿತ್ತು. ಕೇಳಲಿಲ್ಲ. ಈ ಬರಹ ಆ ಬಾಕಿಯ ತೀರುವಳಿ.

ನನ್ನ ವಾದ ಇಷ್ಟು. ಮೊಲೆಯನ್ನು ಮತ್ತೆ ಕಟ್ಟಿಸಿಕೊಳ್ಳುವುದು, ಬಿಡುವುದು ಆ ಹೆಂಗಸಿನ ತೀರ್ಮಾನ. ಆ ತೀರ್ಮಾನವನ್ನು ಒಂದು ಕಡೆ ಆಸ್ಪತ್ರೆ ಮತ್ತು ವಿಮೆಯವರು 'ಕಾಸ್ಮೆಟಿಕ್' ಎಂಬ ಪದದಿಂದ ಕಿತ್ತುಕೊಂಡಿದ್ದಾರೆ. ಇನ್ನೊಂದು ಕಡೆ ಸಾಹಿತ್ಯದವರಾದ ನಾವು 'ಪುರುಷ ದೃಷ್ಟಿ' ಎಂಬ ಪದದಿಂದ ಕಿತ್ತುಕೊಳ್ಳುತ್ತಿದ್ದೇವೆ. ಪದ ಬೇರೆ, ಪರಿಣಾಮ ಒಂದೇ: ಆಕೆಯನ್ನು ಯಾರೂ ಕೇಳುವುದಿಲ್ಲ.

ಈ ಕೇಳದಿರುವಿಕೆಗೆ ಒಂದು ಚರಿತ್ರೆ ಇದೆ. ಅದನ್ನು ತಿಳಿಯಲು ಶಸ್ತ್ರಚಿಕಿತ್ಸಕರ ಸಂಶೋಧನೆಗಳನ್ನು ಓದಬೇಕು. ನಮ್ಮ ವಿಭಾಗಗಳಲ್ಲಿ ಅದನ್ನು ಯಾರೂ ಓದುವುದಿಲ್ಲ. ದೇಹದ ರಾಜಕಾರಣದ ಮೇಲೆ ನೂರು ಪುಟ ಬರೆಯುವವರಿಗೂ ದೇಹದ ಮೇಲೆ ಕತ್ತಿ ಎಲ್ಲಿ ಆಡಿತು, ಯಾಕೆ ಆಡಿತು ಎಂದು ನೋಡುವ ವ್ಯವಧಾನ ಇಲ್ಲ.

ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತಾನು ಮಾಡಿದ ಐವತ್ತು ಆಪರೇಷನ್‌ಗಳ ವರದಿ ಪ್ರಕಟಿಸಿದ. ಮೊಲೆ, ಅದರಡಿಯ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು, ಎಲ್ಲವನ್ನೂ ಒಂದೇ ಗಡ್ಡೆಯಾಗಿ ಕತ್ತರಿಸಿ ತೆಗೆಯುವುದು ಅವನ ವಿಧಾನ. ಕ್ಯಾನ್ಸರ್ ಮೊಲೆಯಿಂದ ಸುತ್ತಲಿನ ಜಾಗಕ್ಕೆ ಹೆಜ್ಜೆ ಹೆಜ್ಜೆಯಾಗಿ ಹರಡುತ್ತದೆ, ಆದ್ದರಿಂದ ಹೆಚ್ಚು ತೆಗೆದಷ್ಟೂ ಹೆಚ್ಚು ಕ್ಷೇಮ ಎಂಬುದು ಅದರ ಹಿಂದಿನ ತರ್ಕ. ಸುಮಾರು ಎಂಬತ್ತು ವರ್ಷ ಈ ತರ್ಕವೇ ಜಗತ್ತನ್ನು ಆಳಿತು. ತೋಳು ಊದಿಕೊಂಡು, ಪಕ್ಕೆಲುಬಿನ ಮೇಲೆ ತೆಳು ಚರ್ಮ ಮಾತ್ರ ಉಳಿದ ಹೆಂಗಸರಿಗೆ ಜೀವ ಉಳಿದಿದೆಯಲ್ಲ ಎಂಬುದೇ ಸಮಾಧಾನದ ಮಾತು.

ಹಾಲ್‌ಸ್ಟೆಡ್ ಹೆಸರು ಮಾಡುತ್ತಿದ್ದ ಕಾಲದಲ್ಲೇ ಇಟಲಿಯಲ್ಲಿ ಇಜಿನಿಯೊ ತಾನ್ಸೀನಿ ಎಂಬ ಸರ್ಜನ್ ಬೆನ್ನಿನ ಸ್ನಾಯು ಮತ್ತು ಚರ್ಮವನ್ನು ಮುಂದಕ್ಕೆ ತಿರುಗಿಸಿ ತಂದು ಎದೆಯ ಗಾಯ ಮುಚ್ಚುವ ವಿಧಾನವನ್ನು ಕಂಡುಕೊಂಡಿದ್ದ. 1906ರ ಹೊತ್ತಿಗೆ ಅದು ಪ್ರಕಟವೂ ಆಗಿತ್ತು. ಹಾಲ್‌ಸ್ಟೆಡ್ ಪಂಥದವರಿಗೆ ಇಂಥ ಜೋಡಣೆಯ ಕೆಲಸ ಹಿಡಿಸಲಿಲ್ಲ. ಮೇಲೆ ಹೊದಿಸಿದರೆ ಅಡಿಯಲ್ಲಿ ಮರಳಿ ಬರುವ ಕ್ಯಾನ್ಸರ್ ಕಾಣುವುದಿಲ್ಲ ಎಂಬ ಭಯ ಅವರದು. ತಾನ್ಸೀನಿಯ ವಿಧಾನ ಮರೆವಿಗೆ ಸಂದಿತು. 1970ರ ದಶಕದಲ್ಲಿ ಬೇರೆ ಸರ್ಜನ್‌ಗಳು ಅದನ್ನು ಮತ್ತೆ ಕಂಡುಕೊಂಡರು. ನಡುವಿನ ಆರೇಳು ದಶಕದಲ್ಲಿ ಬದುಕಿ ಸತ್ತ ಹೆಂಗಸರಿಗೆ ಹೀಗೊಂದು ದಾರಿ ಇತ್ತೆಂಬುದೇ ಗೊತ್ತಿರಲಿಲ್ಲ.

ಚಿತ್ರ ತೆಗೆಯುವ ಕಥೆಯೂ ಹೀಗೆಯೇ ಶುರುವಾಗುತ್ತದೆ. ಬರ್ಲಿನ್ನಿನ ಸರ್ಜನ್ ಆಲ್ಬರ್ಟ್ ಸಾಲೊಮನ್ 1913ರಲ್ಲಿ ಪ್ರಕಟಿಸಿದ ಸಂಶೋಧನೆಯನ್ನು ಮ್ಯಾಮೊಗ್ರಾಂನ ಮೊದಲ ಹೆಜ್ಜೆ ಎನ್ನುತ್ತಾರೆ. ಆಪರೇಷನ್ ಆದ ಮೇಲೆ ಕತ್ತರಿಸಿ ತೆಗೆದ ಸುಮಾರು ಮೂರು ಸಾವಿರ ಮೊಲೆಗಳ ಎಕ್ಸ್‌ರೇ ತೆಗೆದು, ಅವನ್ನು ಸೂಕ್ಷ್ಮದರ್ಶಕದಲ್ಲಿ ಕಂಡ ಅಂಗಾಂಶದ ಜೊತೆ ಹೋಲಿಸಿ ನೋಡಿದ. ಕೆಲವು ಚಿತ್ರಗಳಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಕಂಡವು. ಇವತ್ತು ರೇಡಿಯಾಲಜಿಸ್ಟರು ಮ್ಯಾಮೊಗ್ರಾಂನಲ್ಲಿ ಕಣ್ಣಿಟ್ಟು ಹುಡುಕುವ ಸುಣ್ಣದ ಕಣಗಳು ಅವೇ. ಅವುಗಳ ಮಹತ್ವ ಸಾಲೊಮನ್‌ಗೆ ಆಗ ಹೊಳೆಯಲಿಲ್ಲ.

ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಆ ಚಿತ್ರಗಳಲ್ಲಿ ಇರುವುದು ಮೊಲೆ ಮಾತ್ರ. ಅದರ ಒಡತಿ ಚೌಕಟ್ಟಿನ ಆಚೆ. ಅದು ಸಾಲೊಮನ್‌ನ ತಪ್ಪಲ್ಲ, ಅವನು ಬಿಡಿಸಲು ಹೊರಟಿದ್ದ ಪ್ರಶ್ನೆಯೇ ಅಂಥದ್ದು. ಮುಂದೆ ಅವನ ಬದುಕೂ ಹೀಗೇ ಚೌಕಟ್ಟಿನ ಆಚೆಗೆ ತಳ್ಳಿಸಿಕೊಂಡಿತು. ಯಹೂದಿ ಎಂಬ ಕಾರಣಕ್ಕೆ ನಾಜಿಗಳು ಅವನ ಹುದ್ದೆ ಕಿತ್ತುಕೊಂಡು ಯಾತನಾ ಶಿಬಿರಕ್ಕೆ ಹಾಕಿದರು. ಹೇಗೋ ಪಾರಾಗಿ ಹಾಲೆಂಡಿನಲ್ಲಿ ಜೀವ ಉಳಿಸಿಕೊಂಡ. ಚಿತ್ರಕಾರ್ತಿಯಾಗಿದ್ದ ಒಬ್ಬಳೇ ಮಗಳು ಶಾರ್ಲಟ್ ಫ್ರಾನ್ಸಿನಲ್ಲಿ ಅಡಗಿಕೊಂಡು ತನ್ನ ಮನೆಯವರ ಕಥೆಯನ್ನು ನೂರಾರು ವರ್ಣಚಿತ್ರಗಳಲ್ಲಿ ಬರೆದಿಟ್ಟಳು. 1943ರಲ್ಲಿ, ಬಸುರಿಯಾಗಿದ್ದಾಗ, ಆಶ್ವಿಟ್ಜ್‌ನಲ್ಲಿ ಕೊಲೆಯಾದಳು. ಯುದ್ಧ ಮುಗಿದ ಮೇಲೆ ಆ ಚಿತ್ರಗಳು ತಂದೆಯ ಕೈ ಸೇರಿದವು. ಆ ಮನೆಯಲ್ಲಿ ಎರಡು ಬಗೆಯ ಚಿತ್ರಗಳಿದ್ದವು. ಅಪ್ಪನ ಚಿತ್ರ ಗಂಟು ಎಲ್ಲಿದೆ ಎಂದು ಹೇಳುತ್ತಿತ್ತು. ಮಗಳ ಚಿತ್ರ ಮನುಷ್ಯರು ಹೇಗೆ ಬದುಕಿದ್ದರು ಎಂದು ಹೇಳುತ್ತಿತ್ತು. ಸ್ತನ ಕ್ಯಾನ್ಸರಿನ ಚಿಕಿತ್ಸೆ ಈ ನೂರು ವರ್ಷದಲ್ಲಿ ಮೊದಲನೆಯದರಲ್ಲಿ ಬಹುದೂರ ಬಂದಿದೆ, ಎರಡನೆಯದರಲ್ಲಿ ತೆವಳುತ್ತಿದೆ.

ಹಾಲ್‌ಸ್ಟೆಡ್‌ನ ತರ್ಕವನ್ನು ಕೆಡವಿದವರೂ ಸರ್ಜನ್‌ಗಳೇ. ಇದನ್ನು ನಮ್ಮವರು ಗಮನಿಸಬೇಕು. ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಷರ್, ಮಿಲಾನಿನ ಉಂಬೆರ್ತೊ ವೆರೊನೇಸಿ, ಇಬ್ಬರೂ 1970ರ ದಶಕದಲ್ಲಿ ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ಹೋಲಿಸಿದರು. ಒಂದು ಗುಂಪಿಗೆ ಇಡೀ ಮೊಲೆ ತೆಗೆಯುವುದು, ಇನ್ನೊಂದಕ್ಕೆ ಗಂಟಿನ ಭಾಗ ಮಾತ್ರ ತೆಗೆದು ವಿಕಿರಣ ಕೊಡುವುದು. ವೆರೊನೇಸಿಯ ಅಧ್ಯಯನದಲ್ಲಿ 701 ಹೆಂಗಸರಿದ್ದರು. ಇಬ್ಬರ ಇಪ್ಪತ್ತು ವರ್ಷಗಳ ಫಲಿತಾಂಶವೂ 2002ರಲ್ಲಿ ಪ್ರಕಟವಾಯಿತು. ಆರಂಭದ ಹಂತದ ಕ್ಯಾನ್ಸರಿನಲ್ಲಿ ಮೊಲೆ ಉಳಿಸಿಕೊಂಡವರೂ ಕಳೆದುಕೊಂಡವರೂ ಬದುಕಿದ ಲೆಕ್ಕ ಒಂದೇ ಆಗಿತ್ತು. ಹೆಚ್ಚು ಕತ್ತರಿಸಿದ್ದರಿಂದ ಹೆಚ್ಚು ಜನ ಬದುಕಲಿಲ್ಲ.

ಅದೇ ಹೊತ್ತಿಗೆ ಹೊರಗಿನಿಂದ ಬಾಗಿಲು ಬಡಿದವಳು ರೋಸ್ ಕುಷ್ನರ್ ಎಂಬ ಪತ್ರಕರ್ತೆ. ಆಗ ಅಮೆರಿಕದಲ್ಲಿ ಗಂಟಿನ ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು, ಕ್ಯಾನ್ಸರ್ ಎಂದು ಗೊತ್ತಾದರೆ ಎಚ್ಚರಿಸದೆಯೇ ಅಲ್ಲೇ ಮೊಲೆ ತೆಗೆದುಬಿಡುತ್ತಿದ್ದರು. ಹೆಂಗಸು ಎದ್ದ ಮೇಲೆ ಎದೆ ಮುಟ್ಟಿ ನೋಡಿಕೊಂಡು ತಿಳಿಯಬೇಕಿತ್ತು. 1974ರಲ್ಲಿ ತನಗೆ ಗಂಟು ಕಂಡಾಗ ಕುಷ್ನರ್ ಇದಕ್ಕೆ ಒಪ್ಪಲಿಲ್ಲ. ಮೊದಲು ಪರೀಕ್ಷೆ, ಆಮೇಲೆ ಮಾತು, ಆಮೇಲೆ ಕತ್ತಿ ಎಂದು ಹಟ ಹಿಡಿದಳು, ಪುಸ್ತಕ ಬರೆದಳು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಮಿತಿ ಈ ಪದ್ಧತಿ ಕೈಬಿಡಬೇಕೆಂದು ಹೇಳಿದಾಗ ಆ ಸಮಿತಿಯಲ್ಲಿ ಆಕೆಯೂ ಇದ್ದಳು. ಬರೆಯುವವರಿಗೆ ಇಲ್ಲೇನು ಕೆಲಸ ಎನ್ನುವವರು ಈ ಹೆಸರು ನೆನಪಿಟ್ಟುಕೊಳ್ಳಲಿ.

ಈಗ ಲಾರ್ಡ್ ವಿಷಯಕ್ಕೆ ಬರುತ್ತೇನೆ. 1978ರಲ್ಲಿ ಆಕೆಯ ಒಂದು ಮೊಲೆ ತೆಗೆದರು, 1980ರಲ್ಲಿ ಆಕೆಯ 'ದಿ ಕ್ಯಾನ್ಸರ್ ಜರ್ನಲ್ಸ್' ಬಂತು. ಆಸ್ಪತ್ರೆಗೆ ಬಂದ ಸ್ವಯಂಸೇವಕಿ ಆಕೆಗೆ ಉಣ್ಣೆ ತುಂಬಿದ ತಿಳಿಗುಲಾಬಿ ಬಣ್ಣದ ಗುಬುಟೊಂದನ್ನು ಕೊಟ್ಟಳು. ಕಪ್ಪು ಹೆಂಗಸಿನ ಮೈಬಣ್ಣಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಅದನ್ನು ಧರಿಸದೆ ಡಾಕ್ಟರ ಹತ್ತಿರ ಹೋದಾಗ, ಹೀಗೆ ಬಂದರೆ ಇಲ್ಲಿನ ಬೇರೆಯವರ ಮನೋಬಲ ಕುಗ್ಗುತ್ತದೆ ಎಂದು ನರ್ಸು ಆಕ್ಷೇಪಿಸಿದಳು. ಲಾರ್ಡ್ ಸಿಡಿದದ್ದು ಇದರ ಮೇಲೆ. ನಿನ್ನ ನಷ್ಟವನ್ನು ಮುಚ್ಚಿಟ್ಟುಕೋ, ಮಾತಾಡಬೇಡ, ಬೇರೆಯವರ ನೆಮ್ಮದಿಗಾಗಿ ಇದನ್ನು ಧರಿಸು ಎಂಬ ಒತ್ತಾಯದ ಮೇಲೆ. ಪುನರ್‌ರಚನೆಯ ಮೇಲೂ ಆಕೆಗೆ ಸಿಟ್ಟಿತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಆ ಸಿಟ್ಟು ತನ್ನ ಎದೆಯ ಗಾಯದ ಮೇಲೆ ಕೈಯಿಟ್ಟುಕೊಂಡು ಒಬ್ಬ ಹೆಂಗಸು ಆಡಿದ್ದು. ಅದನ್ನೇ ಎತ್ತಿ ತಂದು, ಎರಡೂ ಮೊಲೆಗಳಿರುವವರು, ಮೊಲೆಗಳೇ ಇಲ್ಲದ ಗಂಡಸರು, ಕಳೆದುಕೊಂಡವಳ ಮೇಲೆ ನಿಯಮವಾಗಿ ಹೇರಿದರೆ ಅದು ಆ ನರ್ಸಿನ ಮಾತಿಗಿಂತ ಹೇಗೆ ಭಿನ್ನ? 'ಧರಿಸು' ಎಂಬ ಆಜ್ಞೆಯನ್ನು ಕಿತ್ತು 'ಧರಿಸಬೇಡ' ಎಂಬ ಆಜ್ಞೆ ನೆಟ್ಟಂತಾಯಿತು.

ನಮ್ಮ ಸಾಹಿತ್ಯಕ್ಕೆ ಮೊಲೆ ಕಳೆದುಕೊಂಡ ಹೆಣ್ಣು ಹೊಸಬಳಲ್ಲ. ಕಣ್ಣಗಿ ತನ್ನ ಮೊಲೆ ಕಿತ್ತೆಸೆದು ಮದುರೆ ಸುಟ್ಟಳು. ಕಂಬನ ರಾಮಾಯಣದಲ್ಲಿ ಲಕ್ಷ್ಮಣ ಶೂರ್ಪನಖಿಯ ಮೂಗು, ಕಿವಿಗಳ ಜೊತೆ ಮೊಲೆಗೂ ಕತ್ತಿ ಹಾಕುತ್ತಾನೆ. ಕೇರಳದ ನಂಗೇಲಿಯ ಕಥೆಯನ್ನು ಪ್ರತಿ ವರ್ಷ ಯಾರಾದರೂ ನಾಟಕ ಮಾಡುತ್ತಾರೆ. ಇವರೆಲ್ಲ ಕೋಪದ, ಶಿಕ್ಷೆಯ, ಪ್ರತಿಭಟನೆಯ ಸಂಕೇತಗಳು. ಮಾರನೇ ದಿನ ಎದ್ದು ರವಿಕೆ ಹಾಕಿಕೊಂಡು ಬಸ್‌ಸ್ಟಾಂಡಿಗೆ ಹೋಗಬೇಕಾದವರು ಇವರಲ್ಲಿ ಯಾರೂ ಇಲ್ಲ. ದೊಡ್ಡಮ್ಮ ಹೋಗಬೇಕು. ಆಕೆಯನ್ನು ನೋಡಲು ನಮ್ಮ ಹತ್ತಿರ ರೂಪಕ ಇದೆ, ಕಣ್ಣಿಲ್ಲ.

ಅಲಂಕಾರದ ಆರೋಪವನ್ನು ಮೂಗಿಗೆ ಹೊರಿಸಿ ನೋಡಿ. ಸುಶ್ರುತನನ್ನು ಪ್ಲಾಸ್ಟಿಕ್ ಸರ್ಜರಿಯ ಪಿತಾಮಹ ಎಂದು ಹೇಳಿಕೊಂಡು ನಾವು ಎದೆ ಉಬ್ಬಿಸುತ್ತೇವೆ. ಸುಶ್ರುತ ಸಂಹಿತೆಯಲ್ಲಿ ವಿವರಿಸಿದ್ದು ಕತ್ತರಿಸಿದ ಮೂಗನ್ನು ಕೆನ್ನೆಯ ಚರ್ಮದಿಂದ ಮತ್ತೆ ಕಟ್ಟುವುದು. ಹಣೆಯ ಚರ್ಮದಿಂದ ಮೂಗು ಕಟ್ಟುವ ಭಾರತೀಯ ವಿಧಾನದ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂದು ಯುರೋಪಿನ ಸರ್ಜನ್‌ಗಳನ್ನು ಬೆರಗುಗೊಳಿಸಿತು. ಟಿಪ್ಪುವಿನ ಜೊತೆಗಿನ ಯುದ್ಧದಲ್ಲಿ ಸೆರೆ ಸಿಕ್ಕಿ ಮೂಗು ಕಳೆದುಕೊಂಡಿದ್ದ ಇಂಗ್ಲಿಷರ ಸೈನ್ಯದ ಗಾಡಿ ಹೊಡೆಯುವವನೊಬ್ಬನಿಗೆ ಮಾಡಿದ ಚಿಕಿತ್ಸೆ ಅದು. ಮೂಗಿಲ್ಲದೆಯೂ ಉಸಿರಾಡಬಹುದು. ಆದರೂ ಅದನ್ನು ಅಲಂಕಾರ ಎಂದು ಇವತ್ತಿನವರೆಗೆ ಯಾರೂ ಅನ್ನಲಿಲ್ಲ. ಕನ್ನಡದಲ್ಲಿ ಮೂಗು ಹೋದರೆ ಮಾನ ಹೋದಂತೆ. ಗಂಡಸಿನ ಮೂಗು ಕಟ್ಟಿದರೆ ಪರಂಪರೆ, ಹೆಂಗಸಿನ ಮೊಲೆ ಕಟ್ಟಿದರೆ ಕಾಸ್ಮೆಟಿಕ್!

ಹಳೇ ಭಯದ ಗತಿ ಏನಾಯಿತು? ಕಟ್ಟಿದ ಮೊಲೆ ಮರಳುವ ಕ್ಯಾನ್ಸರನ್ನು ಬಚ್ಚಿಡುತ್ತದೆ ಎಂಬುದು. ಮೊಲೆ ತೆಗೆದ ಜಾಗದಲ್ಲಿ ಕ್ಯಾನ್ಸರ್ ಮರಳಿದರೆ ಅದು ಹೆಚ್ಚಾಗಿ ಚರ್ಮದಲ್ಲಿ ಅಥವಾ ಚರ್ಮದ ಕೆಳಪದರದಲ್ಲಿ ಕಾಣಿಸಿಕೊಳ್ಳುತ್ತದೆ. ಇಂಪ್ಲಾಂಟ್ ಅಥವಾ ಕಸಿ ಮಾಡಿದ ಅಂಗಾಂಶ ಅದರ ಹಿಂದೆ ಇರುತ್ತದೆ. ಗಂಟು ಕೈಗೆ ಸಿಗುತ್ತದೆ, ಆಳದಲ್ಲಿ ಸಂಶಯ ಬಂದರೆ ಎಂಆರ್‌ಐ ಇದೆ. ಚಿತ್ರ ತೆಗೆಯುವ ವಿದ್ಯೆ ಈಗ ಕಟ್ಟುವ ಕೆಲಸಕ್ಕೂ ಒದಗುತ್ತಿದೆ. ಕೆಳಹೊಟ್ಟೆಯ ಚರ್ಮ ಮತ್ತು ಕೊಬ್ಬನ್ನು, ಸ್ನಾಯು ಬಿಟ್ಟು, ಅದರ ರಕ್ತನಾಳದ ಸಮೇತ ತಂದು ಎದೆಯ ರಕ್ತನಾಳಕ್ಕೆ ಸೂಕ್ಷ್ಮದರ್ಶಕದಡಿ ಹೊಲಿಯುವ ವಿಧಾನವೊಂದಿದೆ. ಆ ಸಣ್ಣ ನಾಳಗಳು ಸ್ನಾಯುವನ್ನು ಎಲ್ಲಿ ತೂರಿ ಬರುತ್ತವೆ ಎಂದು ಸಿಟಿ ಸ್ಕ್ಯಾನಿನಲ್ಲಿ ಮೊದಲೇ ನೋಡಿಕೊಂಡು ಸರ್ಜನ್‌ಗಳು ಆಪರೇಷನ್ನಿಗೆ ಇಳಿಯುತ್ತಾರೆ. ಸಾಲೊಮನ್‌ನ ಕಾಲದಲ್ಲಿ ಮೊಲೆ ತೆಗೆದ ಮೇಲೆ ಚಿತ್ರ. ಈಗ ಕಟ್ಟುವ ಮೊದಲು ಚಿತ್ರ.

ಇದರಲ್ಲಿ ಅಪಾಯವಿಲ್ಲ ಎನ್ನುವವರು ಸುಳ್ಳು ಹೇಳುತ್ತಾರೆ. ಫ್ರಾನ್ಸಿನ ಪಿಐಪಿ ಕಂಪನಿ ಕಾರ್ಖಾನೆ ಬಳಕೆಯ ಅಗ್ಗದ ಸಿಲಿಕೋನ್ ತುಂಬಿ ಇಂಪ್ಲಾಂಟ್ ಮಾರಿದ್ದು 2010ರಲ್ಲಿ ಬಯಲಾಗಿ, ಅದರ ಸ್ಥಾಪಕನಿಗೆ ಜೈಲು ಶಿಕ್ಷೆಯಾಯಿತು. ಒರಟು ಮೇಲ್ಮೈಯ ಕೆಲವು ಇಂಪ್ಲಾಂಟ್‌ಗಳಿಗೂ ಅಪರೂಪದ ಒಂದು ಲಿಂಫೋಮಾಗೂ ನಂಟು ಕಂಡು, 2019ರಲ್ಲಿ ಅವನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆದರು. ವಿಕಿರಣ ಪಡೆದ ಎದೆಯಲ್ಲಿ ಇಂಪ್ಲಾಂಟಿನ ಸುತ್ತ ಗಟ್ಟಿಯಾಗಿ ನೋವು ಬರುವುದುಂಟು. ಹೊಟ್ಟೆಯ ಅಂಗಾಂಶದ ಕಸಿ ಹಲವು ತಾಸಿನ ಆಪರೇಷನ್. ಇದೆಲ್ಲ ಕೇಳಿ ಬೇಡ ಅನ್ನುವ ಹೆಂಗಸರು ಬಹಳ. ಅವರ ಮಾತೂ ಅಷ್ಟೇ ತೂಕದ್ದು. ಅವರ ಎದೆಯನ್ನು ಸಮತಟ್ಟಾಗಿ, ಕಂಕುಳ ಬಳಿ ಚರ್ಮದ ಮಡಿಕೆ ಜೋತಾಡದಂತೆ ಹೊಲಿಯುವುದೂ ಸರ್ಜನ್ ಕಲಿಯಬೇಕಾದ ಕೆಲಸವೇ. ಆದರೆ ಅಪಾಯ ಇದೆ ಎಂಬುದು ಹೇಳದೇ ಇರುವುದಕ್ಕೆ ಕಾರಣವಾಗದು. ಕೀಮೋದಲ್ಲೂ ಅಪಾಯ ಇದೆ, ಅದನ್ನು ಹೇಳಿಯೇ ಕೊಡುತ್ತಾರೆ.

ದುಡ್ಡಿನ ಮಾತೂ ಆಡಿಬಿಡೋಣ. ದೊಡ್ಡಮ್ಮನ ಮಗ, ನಮ್ಮಣ್ಣ, ಆಪರೇಷನ್ ಆಗಿ ಕೆಲವು ತಿಂಗಳಾದ ಮೇಲೆ ಎಲ್ಲೋ ಓದಿ, ಆಸ್ಪತ್ರೆಯ ವಿಮೆ ಕೌಂಟರಿನಲ್ಲಿ ಪುನರ್‌ರಚನೆಯ ಬಗ್ಗೆ ವಿಚಾರಿಸಿದ್ದ. "ಅದು ಕಾಸ್ಮೆಟಿಕ್, ಬರಲ್ಲ ಸರ್" ಎಂದು ಕಳಿಸಿದರು. ಅವನೂ ನಾಚಿಕೆಯಿಂದ ಮನೆಯಲ್ಲಿ ಬಾಯಿ ಬಿಡಲಿಲ್ಲ. ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಆರೋಗ್ಯ ವಿಮೆಯ ಹೊರಗಿಡುವ ಬಾಬ್ತುಗಳಿಗೆ ಏಕರೂಪದ ಮಾತುಗಳನ್ನು ಗೊತ್ತು ಮಾಡಿತು. ಅದರಲ್ಲಿ ಕಾಸ್ಮೆಟಿಕ್ ಮತ್ತು ಪ್ಲಾಸ್ಟಿಕ್ ಸರ್ಜರಿಯನ್ನು ಹೊರಗಿಡುವ ಕಲಮಿನಲ್ಲೇ ಒಂದು ವಿನಾಯಿತಿ ಇದೆ: ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರಿನ ನಂತರದ ಪುನರ್‌ರಚನೆಯನ್ನು ಈ ಕಲಮಿನಡಿ ಹೊರಗಿಡುವಂತಿಲ್ಲ. ಅಮೆರಿಕದಲ್ಲಿ 1998ರಿಂದಲೂ, ಮೊಲೆ ತೆಗೆಯುವುದಕ್ಕೆ ಹಣ ಕೊಡುವ ವಿಮೆ ಅದನ್ನು ಕಟ್ಟುವುದಕ್ಕೂ ಕೊಡಬೇಕೆಂಬ ಕಾನೂನಿದೆ. ಕಾಗದದ ಮೇಲಿನ ಆ ಒಂದು ಸಾಲು ಕೌಂಟರಿನ ತನಕ ಬಂದಿಲ್ಲ. 'ಕಾಸ್ಮೆಟಿಕ್' ಎಂಬ ಪದ ಬಂದಿದೆ. ಆ ಪದಕ್ಕೆ ಸಭೆಗಳಲ್ಲಿ ಗೌರವ ತಂದುಕೊಡುವ ಕೆಲಸವನ್ನು ನಾವು ಪುಕ್ಕಟೆಯಾಗಿ ಮಾಡುತ್ತಿದ್ದೇವೆ.

ಪದಗಳು ನಮ್ಮ ಕಸುಬು, ಆದ್ದರಿಂದ ಇನ್ನೊಂದು ಮಾತು. ದೊಡ್ಡಮ್ಮ ಮೊದಲು ಡಾಕ್ಟರ ಹತ್ತಿರ ಹೋದಾಗ "ಎದೆಯಲ್ಲಿ ಏನೋ ಆಗಿದೆ" ಎಂದಳು. ಮೊಲೆ ಎಂಬ ಪದ ಗಂಡಸಿನ ಎದುರು ಆಕೆಯ ಬಾಯಲ್ಲಿ ಬರಲಿಲ್ಲ, ಸ್ತನ ಎಂಬುದು ಆಕೆಯ ಮಾತಿನಲ್ಲೇ ಇಲ್ಲ. ಡಾಕ್ಟರು ಇಸಿಜಿ ಮಾಡಿಸಿ, ಹೃದಯ ಚೆನ್ನಾಗಿದೆ ಎಂದು ಗ್ಯಾಸಿನ ಮಾತ್ರೆ ಬರೆದುಕೊಟ್ಟರು. ಯಂತ್ರ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಗಂಟು ಇನ್ನೂ ಐದು ತಿಂಗಳು ಬೆಳೆಯಿತು.

ಇದನ್ನು ಬರೆಯುವಾಗ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಸರ್ಜನ್ ಇಂದ್ರನೀಲ್ ಮಿತ್ರಾ ನೇತೃತ್ವದ ಅಧ್ಯಯನ ನೆನಪಾಗುತ್ತದೆ. 1998ರಲ್ಲಿ ಶುರುವಾಗಿ 2021ರಲ್ಲಿ ಫಲಿತಾಂಶ ಪ್ರಕಟವಾದ ಅದರಲ್ಲಿ ಮುಂಬಯಿಯ ಕೊಳೆಗೇರಿಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರಿದ್ದರು. ಅರ್ಧದಷ್ಟು ಮಂದಿಗೆ ಮ್ಯಾಮೊಗ್ರಾಂ ಮಾಡಿಸಲಿಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರು. ಪರೀಕ್ಷೆಗೆ ಒಳಗಾದವರಲ್ಲಿ ಗಂಟು ಬೇಗ ಪತ್ತೆಯಾಯಿತು. ಎಲ್ಲ ವಯಸ್ಸಿನವರನ್ನೂ ಒಟ್ಟಿಗೆ ತೆಗೆದುಕೊಂಡರೆ ಸಾವಿನ ಇಳಿಕೆ ಖಚಿತವಾಗಿ ಹೇಳುವಷ್ಟು ದೊಡ್ಡದಾಗಿರಲಿಲ್ಲ. ಐವತ್ತು ದಾಟಿದವರಲ್ಲಿ ಮಾತ್ರ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಗಿತ್ತು. ಮ್ಯಾಮೊಗ್ರಾಂ ಬೇಡ ಎಂದು ನಾನು ಹೇಳುತ್ತಿಲ್ಲ. ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿನ ಎದುರು ಕೂತು, ಆ ಪದವನ್ನು ನಾಚದೆ ಆಡಿ, ಕೈಯಿಟ್ಟು ನೋಡಿದ್ದರಿಂದಲೂ ಜೀವ ಉಳಿಯಬಲ್ಲದು ಎಂದು ಹೇಳುತ್ತಿದ್ದೇನೆ. ದೊಡ್ಡಮ್ಮನಿಗೆ ಆಗ ಐವತ್ತೆಂಟು.

ಹೋದ ತಿಂಗಳು ಊರಿಗೆ ಹೋದಾಗ, ಕೊನೆಗೂ ಕೇಳಿದೆ. ಅಡಿಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. "ದೊಡ್ಡಮ್ಮ, ಆಗ ಅದನ್ನ ಮತ್ತೆ ಕಟ್ಟಿಕೊಡ್ತೀವಿ ಅಂದಿದ್ರೆ ಮಾಡಿಸ್ಕೊಳ್ತಿದ್ಯಾ?"

ಆಕೆ ನಗಲಿಲ್ಲ, ಬೈಯಲೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಂಗೂ ಮಾಡ್ತಾರೇನೇ?" ಎಂದಳು. ಆಮೇಲೆ, "ಇನ್ನೊಂದ್ಸಲ ಕುಯ್ಯೋದು ಯಾರಿಗೆ ಬೇಕು ಪುಟ್ಟಿ, ಬೇಡ ಅಂತಿದ್ನೇನೋ. ಆದ್ರೆ ಬೇಡ ಅನ್ನೋಕಾದ್ರೂ ಒಂದು ಮಾತು ಕೇಳ್ಬೇಕಿತ್ತು ಕಣೇ."

ಆ ಹಿರಿಯ ವಿಮರ್ಶಕರಿಗೆ ನನ್ನ ಉತ್ತರ ಇದೇ. ದೊಡ್ಡಮ್ಮನ ತೀರ್ಮಾನ ಅವರ ತೀರ್ಮಾನವೇ ಆಗಿರಬಹುದಿತ್ತು. ಆದರೆ ಅದನ್ನು ಹೇಳುವ ಅವಕಾಶ ಆಕೆಗೆ ಸಿಗಲಿಲ್ಲ. ಸರ್ಜನ್ ಕೊಡಲಿಲ್ಲ, ಕೌಂಟರಿನವರು ಕೊಡಲಿಲ್ಲ, ಮಗ ಕೊಡಲಿಲ್ಲ, ಕಾಯಿಲೆಯ ಕಥನಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವ ನಾನು ಆರು ವರ್ಷ ಕೊಡಲಿಲ್ಲ. ಮುಂದಿನ ಸಂಕಿರಣದಲ್ಲಿ ಇದೇ ಪ್ರಬಂಧ ಓದುತ್ತೇನೆ. ಈ ಸಲ ಯಾರಾದರೂ ಮೈಕು ತೆಗೆದುಕೊಂಡು ಅದೇ ಮಾತು ಹೇಳಿದರೆ, ನೀವು ಎಷ್ಟು ಜನರನ್ನು ಕೇಳಿದ್ದೀರಿ ಎಂದು ವಿಚಾರಿಸಿಯೇ ಊಟಕ್ಕೆ ಏಳುತ್ತೇನೆ.